ಹಗಲಲ್ಲೇಕೆ ಕಾರಿಗೆ ದೀಪ?

ಹೊಸ ಕಾರು ಅಂಗಳಕ್ಕೆ ಬಂದ ದಿನ ಮನೆಯ ಹಿರಿಯರ ಕಣ್ಣಿಗೆ ಮೊದಲು ಬೀಳುವುದು ಅದರ ಬಣ್ಣವಲ್ಲ, ಒಳಗಿನ ಸೀಟಲ್ಲ, ಮುಂದೆ ಉರಿಯುತ್ತಿರುವ ದೀಪ.

"ಮೋನೇ, ಲೈಟ್ ಉರೀತಾ ಉಂಟಲ್ಲಾ. ಆಫ್ ಮಾಡು, ಬ್ಯಾಟರಿ ಹೋಗ್ತದೆ."

"ಇಲ್ಲ ಉಮ್ಮಾ, ಅದು ಇಂಜಿನ್ ಸ್ಟಾರ್ಟ್ ಆದ್ರೆ ತನ್ನಷ್ಟಕ್ಕೆ ಉರೀತದೆ."

"ಹಗಲು ಹೊತ್ತಿಗೆ ದೀಪ ಯಾಕೆ ಮತ್ತೆ?"

ಈ ಕೊನೆಯ ಪ್ರಶ್ನೆಗೆ ಹೆಚ್ಚಿನ ಮಕ್ಕಳ ಬಳಿ ಉತ್ತರವಿರುವುದಿಲ್ಲ. "ಈಗಿನ ಫ್ಯಾಶನ್" ಎಂದು ಹೇಳಿ ನಕ್ಕು ಸುಮ್ಮನಾಗುತ್ತಾರೆ. 2017ರ ಏಪ್ರಿಲ್ 1ರ ಬಳಿಕ ಹೊಸ ಬೈಕು, ಸ್ಕೂಟರುಗಳ ಹೆಡ್‌ಲೈಟ್ ಸದಾ ಉರಿಯಬೇಕೆಂಬ ನಿಯಮ ಬಂದಾಗಲೂ ಹೀಗೆಯೇ ಆಗಿತ್ತು. ಎದುರಿನಿಂದ ಬಂದವರೆಲ್ಲ ಕೈಬೆರಳನ್ನು ಮಡಚಿ ಬಿಡಿಸಿ "ಲೈಟ್ ಆಫ್ ಮಾಡಿ" ಎಂದು ಸನ್ನೆ ಮಾಡುತ್ತಿದ್ದರು. ಸ್ಕೂಟರಿನಲ್ಲಿ ಹೋಗುವ ಹೆಣ್ಣುಮಕ್ಕಳಿಗಂತೂ ಸಿಕ್ಕಸಿಕ್ಕವರೆಲ್ಲ ಉಪದೇಶ ಮಾಡಿದ್ದೇ ಮಾಡಿದ್ದು. ಆ ಸ್ಕೂಟರುಗಳಲ್ಲಿ ಲೈಟ್ ಆಫ್ ಮಾಡುವ ಸ್ವಿಚ್ಚೇ ಇರಲಿಲ್ಲ!

ಉಮ್ಮನ ಪ್ರಶ್ನೆಯನ್ನು ನಾವು ಸ್ವಲ್ಪ ಗಂಭೀರವಾಗಿಯೇ ತೆಗೆದುಕೊಳ್ಳೋಣ. ಏಕೆಂದರೆ ಈ ದೀಪದ ಲಾಭ ಏನು, ಅದು ಎಲ್ಲಿ ನಮ್ಮನ್ನು ಮೋಸಗೊಳಿಸುತ್ತದೆ ಎಂಬುದನ್ನು ಕಾರು ಓಡಿಸುವವರಿಗಿಂತ ಹೆಚ್ಚಾಗಿ ತಿಳಿದಿರಬೇಕಾದವರು ರಸ್ತೆಯ ಬದಿಯಲ್ಲಿ ನಡೆಯುವ ತಾಯಂದಿರು ಮತ್ತು ಮಕ್ಕಳು.

ಬಂದದ್ದು ಎಲ್ಲಿಂದ?

ಇದನ್ನು ಇಂಗ್ಲಿಷಿನಲ್ಲಿ ಡೇಟೈಮ್ ರನ್ನಿಂಗ್ ಲ್ಯಾಂಪ್ ಅನ್ನುತ್ತಾರೆ. ಶೋರೂಮಿನವರ ಬಾಯಲ್ಲಿ ಅದು ಡಿಆರ್‌ಎಲ್. ಕಾರಿನ ಮುಂಭಾಗದ ಎರಡು ಬದಿಗಳಲ್ಲಿ, ಹೆಡ್‌ಲೈಟಿನ ಒಳಗೆ ಅಥವಾ ಅದರ ಕೆಳಗೆ ಬಿಳಿ ಪಟ್ಟಿಯಂತೆ ಹೊಳೆಯುವ ಎಲ್‌ಇಡಿ ದೀಪ ಅದು. ರಾತ್ರಿ ದಾರಿ ತೋರಿಸುವುದು ಅದರ ಕೆಲಸವಲ್ಲ. ಅದಕ್ಕೆ ಅಷ್ಟು ಶಕ್ತಿಯೂ ಇಲ್ಲ. "ಇಲ್ಲೊಂದು ಗಾಡಿ ಬರುತ್ತಿದೆ" ಎಂದು ಎದುರಿನವರಿಗೆ ತಿಳಿಸುವುದಷ್ಟೇ ಅದರ ಕೆಲಸ. ಹೆಡ್‌ಲೈಟ್ ಎಂದರೆ ನಾವು ಕಾಣಲಿಕ್ಕೆ ಇರುವ ದೀಪ, ಇದು ನಾವು ಇತರರಿಗೆ ಕಾಣಿಸಲಿಕ್ಕೆ ಇರುವ ದೀಪ. ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಮುಂದಿನ ಮಾತೆಲ್ಲ ಸುಲಭ.

ಇದು ಹುಟ್ಟಿದ್ದು ಸೂರ್ಯ ಸೋಮಾರಿಯಾಗಿರುವ ದೇಶಗಳಲ್ಲಿ. ಯುರೋಪಿನ ಉತ್ತರದ ತುದಿಯಲ್ಲಿ ಚಳಿಗಾಲದ ಹಗಲೆಂದರೆ ನಮ್ಮ ಮಗ್ರಿಬ್ ಹೊತ್ತಿನ ಹಾಗೆ. ಸೂರ್ಯ ದಿಗಂತದಲ್ಲಿ ಇಣುಕಿ ನೋಡಿ ಹಿಂದೆ ಹೋಗುತ್ತಾನೆ. ಫಿನ್ಲೆಂಡ್ 1972ರಲ್ಲಿ ಚಳಿಗಾಲದ ದಿನಗಳಲ್ಲಿ ಊರ ಹೊರಗಿನ ರಸ್ತೆಗಳಲ್ಲಿ ಹಗಲೂ ದೀಪ ಹಾಕಬೇಕೆಂದಿತು. ಸ್ವೀಡನ್ 1977ರಲ್ಲಿ ವರ್ಷವಿಡೀ, ಎಲ್ಲ ರಸ್ತೆಗಳಲ್ಲಿ ಅದನ್ನು ಕಡ್ಡಾಯ ಮಾಡಿತು. ನಾರ್ವೆ, ಐಸ್‌ಲ್ಯಾಂಡ್, ಡೆನ್ಮಾರ್ಕ್ ಅದೇ ದಾರಿ ಹಿಡಿದವು. ಕೆನಡಾದಲ್ಲಿ 1989ರ ಡಿಸೆಂಬರಿನ ಬಳಿಕ ತಯಾರಾದ ಕಾರುಗಳಿಗೆಲ್ಲ ಹಗಲು ದೀಪ ಇರಲೇಬೇಕೆಂದಾಯಿತು. ಕೊನೆಗೆ 2011ರ ಫೆಬ್ರವರಿಯಿಂದ ಯುರೋಪಿಯನ್ ಒಕ್ಕೂಟವೇ ಹೊಸ ಮಾದರಿಯ ಕಾರುಗಳಿಗೆ ಅದನ್ನು ಕಡ್ಡಾಯಗೊಳಿಸಿತು. 2012ರಲ್ಲಿ ಲಾರಿ, ಬಸ್ಸುಗಳ ಸರದಿ ಬಂತು. ಅಲ್ಲಿಗೆಂದು ತಯಾರಾದ ಕಾರಿನ ವಿನ್ಯಾಸವೇ ನಮ್ಮ ಶೋರೂಮಿಗೂ ಬಂತು. ನಮ್ಮಲ್ಲಿ ದ್ವಿಚಕ್ರ ವಾಹನಗಳಿಗೆ ಇರುವಂಥ ಕಡ್ಡಾಯ ಕಾರುಗಳಿಗೆ ಇಲ್ಲ. ಆದರೂ ಕಂಪೆನಿಗಳು ಕೊಡುತ್ತಿವೆ, ಜನ ಇಷ್ಟಪಡುತ್ತಿದ್ದಾರೆ. ಅಂದರೆ ಮಗ ಹೇಳಿದ "ಫ್ಯಾಶನ್" ಪೂರ್ತಿ ಸುಳ್ಳೂ ಅಲ್ಲ.

ಐವರ್ನಾಡಿನ ಮಧ್ಯಾಹ್ನ

ಫಿನ್ಲೆಂಡಿನ ಕತ್ತಲೆಗೂ ನಮಗೂ ಏನು ಸಂಬಂಧ ಎಂದು ಕೇಳಬಹುದು. ಭೂಮಧ್ಯರೇಖೆಗೆ ಹತ್ತಿರ ಬಂದಷ್ಟೂ ಬಿಸಿಲು ಪ್ರಖರ, ಆದ್ದರಿಂದ ಹಗಲು ದೀಪದ ಉಪಯೋಗ ಕಡಿಮೆ ಎಂಬ ವಾದ ತಜ್ಞರಲ್ಲೇ ಇದೆ. ಬಿಜಾಪುರ, ರಾಯಚೂರಿನ ಬಯಲು ರಸ್ತೆಗೆ ಈ ವಾದ ಒಪ್ಪುತ್ತದೆ. ಆದರೆ ಹಾಗೆ ವಾದಿಸಿದವರು ಜುಲೈ ತಿಂಗಳಲ್ಲಿ ಸುಳ್ಯದಿಂದ ಬೆಳ್ಳಾರೆಗೆ ಹೋಗಿರಲಾರರು.

ಮಾಣಿ–ಮೈಸೂರು ಹೆದ್ದಾರಿಯನ್ನು ಪೈಚಾರಿನಲ್ಲಿ ಬಿಟ್ಟು ಸೋಣಂಗೇರಿ ದಾಟಿ ಐವರ್ನಾಡಿನ ಕಡೆಗೆ ತಿರುಗಿದರೆ ರಸ್ತೆಯ ಸ್ವಭಾವವೇ ಬದಲಾಗುತ್ತದೆ. ತಿರುವಿನ ಹಿಂದೆ ತಿರುವು. ಒಂದು ಕಡೆ ಗುಡ್ಡ ಕಡಿದ ಬರೆ, ಇನ್ನೊಂದು ಕಡೆ ತೋಟದ ತಗ್ಗು. ಕೆಳಗೆ ಅಡಿಕೆ, ಮೇಲೆ ರಬ್ಬರ್. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ರಬ್ಬರ್ ಮರಗಳಲ್ಲಿ ಎಲೆ ದಟ್ಟವಾಗಿರುತ್ತದೆ. ಮೇಲೆ ಮೋಡ, ಕೆಳಗೆ ಎಲೆ, ನಡುವೆ ಮಳೆಯ ಪರದೆ. ಳುಹರ್ ಬಾಂಗಿನ ಹೊತ್ತಿಗೇ ಮನೆಯೊಳಗೆ ಲೈಟ್ ಹಾಕಬೇಕಾದ ದಿನಗಳು ಎಷ್ಟಿರುವುದಿಲ್ಲ! ಬೂದಿ ಬಣ್ಣದ ಅಥವಾ ಕಪ್ಪು ಬಣ್ಣದ ಕಾರೊಂದು ಅಂಥ ಹೊತ್ತಿನಲ್ಲಿ ತಿರುವು ದಾಟಿ ಬಂದರೆ, ಒದ್ದೆಯಾದ ಡಾಂಬರಿನಿಂದ ಅದನ್ನು ಬೇರೆ ಮಾಡಿ ನೋಡಲು ಕಣ್ಣಿಗೆ ಕಷ್ಟ.

ಬೇಸಿಗೆಯಲ್ಲಿ ಬೇರೆಯೇ ತೊಂದರೆ. ಬಿಸಿಲಿನಿಂದ ತಟ್ಟನೆ ಮರಗಳ ನೆರಳಿಗೆ ಹೊಕ್ಕಾಗ ಕಣ್ಣು ಆ ಮಬ್ಬಿಗೆ ಒಗ್ಗಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಅಷ್ಟರವರೆಗೆ ನೆರಳಿನಲ್ಲಿರುವುದು ಕಾಣಿಸದು. ವಯಸ್ಸಾದವರಿಗೆ ಈ ಹೊತ್ತು ಇನ್ನೂ ಹೆಚ್ಚು. ಅರುವತ್ತರ ಕಣ್ಣಿನ ಒಳಪರದೆಗೆ ತಲಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲಪುವುದರ ಸುಮಾರು ಮೂರನೇ ಒಂದು ಭಾಗ ಮಾತ್ರ. ಅಜ್ಜ "ಗಾಡಿ ಕಾಣಲೇ ಇಲ್ಲ" ಎಂದರೆ ಅದು ನೆವವಲ್ಲ, ನಿಜವಾಗಿಯೂ ಕಂಡಿರುವುದಿಲ್ಲ.

ಈ ರಸ್ತೆಯಲ್ಲಿ ನಡೆಯುವವರು ಯಾರು ಎಂದೂ ನೋಡಬೇಕು. ಸುಳ್ಯ ತಾಲೂಕಿನಲ್ಲಿ ಖಾಸಗಿ ತೋಟಗಳ ಜೊತೆಗೆ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳೂ ಇವೆ. 1964ರ ಭಾರತ–ಸಿಲೋನ್ ಒಪ್ಪಂದದ ಬಳಿಕ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳು ಅಲ್ಲಿ ನೆಲೆ ಕಂಡುಕೊಂಡವು. ಟ್ಯಾಪಿಂಗ್ ಕೆಲಸ ಶುರುವಾಗುವುದು ಬೆಳಗು ಹರಿಯುವ ಮೊದಲು. ಹಣೆಗೆ ಟಾರ್ಚ್ ಕಟ್ಟಿಕೊಂಡು ಹೆಂಗಸರು, ಗಂಡಸರು ರಸ್ತೆ ದಾಟುತ್ತಾರೆ. ಸುಬ್‌ಹಿ ನಮಾಝ್ ಮುಗಿಸಿದವರು ಮನೆಗೆ ಮರಳುತ್ತಿರುತ್ತಾರೆ. ಅದರ ಹಿಂದೆಯೇ ಮದ್ರಸಕ್ಕೆ ಹೊರಟ ಮಕ್ಕಳ ಸಾಲು. ಆಮೇಲೆ ಹಾಲಿನ ಸೊಸೈಟಿಗೆ ಹೋಗುವವರು, ಶಾಲೆಯ ಮಕ್ಕಳು, ಬಸ್ಸಿಗೆ ಕಾಯುವವರು. ನಮ್ಮ ಒಳರಸ್ತೆಗಳ ಹೆಚ್ಚಿನ ಕಡೆ ಫುಟ್‌ಪಾತ್ ಇಲ್ಲ. ಚರಂಡಿಯ ಅಂಚು ಮತ್ತು ಡಾಂಬರಿನ ಅಂಚಿನ ನಡುವಿನ ಒಂದು ಗೇಣು ಜಾಗವೇ ಅವರ ಫುಟ್‌ಪಾತ್.

ಒಂದು ಸಣ್ಣ ಲೆಕ್ಕ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ ಕಾರು ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಓಡುತ್ತದೆ. ಎದುರಿನಿಂದಲೂ ಅದೇ ವೇಗದ ಸ್ಕೂಟರ್ ಬಂದರೆ ಇಬ್ಬರ ನಡುವಿನ ಅಂತರ ಸೆಕೆಂಡಿಗೆ 28 ಮೀಟರಿನಂತೆ ಕರಗುತ್ತದೆ. ಚಾಲಕನಿಗೆ ಅಪಾಯ ಅರಿವಾಗಿ ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಬೇಕು. ಒದ್ದೆ ರಸ್ತೆಯಲ್ಲಿ ಗಾಡಿ ನಿಲ್ಲಲು ಆಮೇಲೆ ಇನ್ನೂ 25 ಮೀಟರ್ ಆದರೂ ಬೇಕು. ಹೀಗಿರುವಾಗ ಎದುರಿನ ಗಾಡಿ ಒಂದೇ ಒಂದು ಸೆಕೆಂಡ್ ಮೊದಲು ಕಣ್ಣಿಗೆ ಬಿದ್ದರೂ ಅದು ದೊಡ್ಡ ಉಪಕಾರ. ಹಗಲು ದೀಪ ಕೊಡುವುದು ಈ ಒಂದು ಸೆಕೆಂಡನ್ನು. ನಮ್ಮ ಕಣ್ಣು ನೇರ ನೋಟಕ್ಕಿಂತ ಬದಿಯ ನೋಟದಲ್ಲಿ ಮಂದ. ಆದರೆ ಬೆಳಕಿನ ಚುಕ್ಕೆಯೊಂದು ಬದಿಯಲ್ಲಿ ಹೊಳೆದರೆ ತಲೆ ತಾನಾಗಿ ಆ ಕಡೆ ತಿರುಗುತ್ತದೆ. ಓವರ್‌ಟೇಕ್ ಮಾಡಲು ಹೊರಟವನು ಕೂಡ ಎದುರಿನ ಎರಡು ದೀಪಗಳನ್ನು ಕಂಡು ಹಿಂದೆ ಸರಿಯುತ್ತಾನೆ.

ಅಂಕಿ ಅಂಶ ಏನು ಹೇಳುತ್ತದೆ?

ಇಲ್ಲಿ ಪ್ರಾಮಾಣಿಕವಾಗಿ ಹೇಳಬೇಕೆಂದರೆ ಎಲ್ಲ ದೇಶಗಳ ಉತ್ತರ ಒಂದೇ ಅಲ್ಲ. ನಾರ್ವೆಯ ಸಂಶೋಧಕ ರೂನೆ ಎಲ್ವಿಕ್ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ದೀಪ ಹಾಕಿದ ಕಾರುಗಳಿಗೆ ಹಗಲಿನಲ್ಲಿ ಇತರ ವಾಹನಗಳೊಂದಿಗೆ ಆಗುವ ಅಪಘಾತ ಕಡಿಮೆ ಎಂದು ಕಂಡರು. ನೂರಕ್ಕೆ ಐದರಿಂದ ಹದಿನೈದರ ನಡುವಿನ ಇಳಿಕೆ. ಅಮೆರಿಕದ ರಸ್ತೆ ಸುರಕ್ಷಾ ಇಲಾಖೆ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಾತ್ರ ಒಟ್ಟಾರೆಯಾಗಿ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ಅಮೆರಿಕ ಅದನ್ನು ಕಡ್ಡಾಯ ಮಾಡಲೂ ಇಲ್ಲ. ಆಸ್ಟ್ರಿಯಾದ್ದು ಇನ್ನೂ ಸ್ವಾರಸ್ಯದ ಕತೆ. 2005ರ ನವೆಂಬರಿನಲ್ಲಿ ಹಗಲೂ ದೀಪ ಕಡ್ಡಾಯವೆಂದು ಕಾನೂನು ಮಾಡಿದ ಆ ದೇಶ 2008ರ ಜನವರಿಯಿಂದ ಅದನ್ನು ಹಿಂದೆಗೆದುಕೊಂಡಿತು. ಕಾರುಗಳೆಲ್ಲ ಮಿರಮಿರ ಮಿಂಚಿದರೆ ದೀಪವಿಲ್ಲದ ಪಾದಚಾರಿಯೂ ಸೈಕಲಿನವನೂ ಮಂಕಾಗುತ್ತಾರೆ ಎಂಬ ಆತಂಕ ಅಲ್ಲಿಯ ಚರ್ಚೆಯಲ್ಲಿ ಎದ್ದಿತ್ತು.

ದ್ವಿಚಕ್ರ ವಾಹನಗಳ ವಿಷಯದಲ್ಲಿ ಇಷ್ಟು ಗೊಂದಲ ಇಲ್ಲ. ಬೈಕುಗಳೇ ತುಂಬಿರುವ ಮಲೇಷ್ಯಾ 1992ರಲ್ಲೇ ಅವುಗಳಿಗೆ ಹಗಲು ಹೆಡ್‌ಲೈಟ್ ಕಡ್ಡಾಯ ಮಾಡಿತು, ಮತ್ತು ಬೈಕ್ ಕಾಣದೆ ಆಗುವ ಅಪಘಾತಗಳು ಇಳಿದದ್ದನ್ನು ಅಲ್ಲಿಯ ಸಂಶೋಧಕರು ದಾಖಲಿಸಿದರು. ನಮ್ಮ ದೇಶದ ಅಂಕಿ ನೋಡಿ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಪ್ರಾಣ ಕಳೆದುಕೊಂಡವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕೂ ಮಿಕ್ಕಿ ದ್ವಿಚಕ್ರದವರು, ನೂರಕ್ಕೆ 19ಕ್ಕೂ ಮಿಕ್ಕಿ ನಡೆದು ಹೋಗುವವರು. ಕಾರಿನ ದೀಪದ ಚರ್ಚೆಯನ್ನು ಕಾರಿನೊಳಗೆ ಕುಳಿತು ಮಾಡಬಾರದು ಎನ್ನುವುದಕ್ಕೆ ಈ ಎರಡು ಅಂಕಿಗಳೇ ಸಾಕು.

ದುಂದುವೆಚ್ಚವಲ್ಲವೇ?

ಉಮ್ಮನ ಆಕ್ಷೇಪದ ಒಳಗೆ ಒಂದು ಧಾರ್ಮಿಕ ಪ್ರಜ್ಞೆಯೂ ಇದೆ. ಇಸ್ರಾಫ್ ಅಂದರೆ ದುಂದು. ನದಿಯ ದಡದಲ್ಲಿ ವುಝೂ ಮಾಡುವಾಗಲೂ ನೀರು ಪೋಲು ಮಾಡಬಾರದೆಂಬ ಪಾಠ ಕೇಳಿ ಬೆಳೆದವರಿಗೆ ಹಗಲಲ್ಲಿ ಉರಿಯುವ ದೀಪ ಕಣ್ಣಿಗೆ ಚುಚ್ಚುವುದು ಸಹಜ.

ಲೆಕ್ಕ ಹಾಕಿ ನೋಡೋಣ. ದೀಪಕ್ಕೆ ಬೇಕಾದ ವಿದ್ಯುತ್ತು ಕೊನೆಗೆ ಬರುವುದು ಪೆಟ್ರೋಲಿನಿಂದಲೇ. ಎಲ್‌ಇಡಿ ಹಗಲು ದೀಪ ಎರಡೂ ಸೇರಿ ಹದಿನೈದು ವ್ಯಾಟ್ ಎಂದಿಟ್ಟುಕೊಂಡರೆ, ಒಂದು ಲೀಟರ್ ಪೆಟ್ರೋಲು ಅದನ್ನು ಎಂಬತ್ತು ಗಂಟೆಯಾದರೂ ಉರಿಸುತ್ತದೆ. ದಿನಕ್ಕೆ ಒಂದು ಗಂಟೆ ಕಾರು ಓಡಿಸುವ ಮನೆಗೆ ಅದು ಎರಡೂವರೆ ತಿಂಗಳ ಲೆಕ್ಕ. ಹಳೆಯ ಹ್ಯಾಲೊಜನ್ ಹೆಡ್‌ಲೈಟುಗಳ ಕತೆ ಬೇರೆ. ಒಂದೊಂದು 55 ವ್ಯಾಟ್, ಜೊತೆಗೆ ಹಿಂದಿನ ದೀಪಗಳು. ಅವೆಲ್ಲ ಸೇರಿ ಸುಮಾರು ಹತ್ತು ಗಂಟೆಗೆ ಒಂದು ಲೀಟರ್ ಕುಡಿಯುತ್ತವೆ, ಬಲ್ಬಿನ ಆಯುಷ್ಯವೂ ಕಡಿಮೆಯಾಗುತ್ತದೆ. ಹಾಗಾಗಿ ಬಿರುಬಿಸಿಲಿನ ಮಾರ್ಚಿನಲ್ಲಿ ಹಳೆಯ ಕಾರಿನ ಹೆಡ್‌ಲೈಟ್ ಹಾಕಿಕೊಂಡು ತಿರುಗುವುದು ದುಂದೇ ಸರಿ. ಮಳೆಯಲ್ಲಿ ಹಾಕುವುದು ದುಂದಲ್ಲ. ಬ್ಯಾಟರಿಯ ಭಯವಂತೂ ಬೇಡ, ಇಂಜಿನ್ ಓಡುತ್ತಿರುವಷ್ಟು ಹೊತ್ತು ಅದು ಚಾರ್ಜ್ ಆಗುತ್ತಲೇ ಇರುತ್ತದೆ.

ದಾರಿಯಿಂದ ಮುಳ್ಳು, ಕಲ್ಲು ಸರಿಸುವುದನ್ನೂ ಈಮಾನಿನ ಭಾಗವಾಗಿ ಕಲಿಸಿದ ಪ್ರವಾದಿ(ಸ)ಯವರ ಅನುಯಾಯಿಗಳು ನಾವು. ದಾರಿಗೂ ಹಕ್ಕಿದೆ ಎಂದು ಬಲ್ಲವರು. ನಮ್ಮ ಗಾಡಿ ಇನ್ನೊಬ್ಬರಿಗೆ ಕಾಣಿಸುವಂತೆ ಮಾಡುವುದಕ್ಕೆ ಎಂಬತ್ತು ಗಂಟೆಗೆ ಒಂದು ಲೀಟರ್ ದುಬಾರಿ ಎಂದು ನನಗನ್ನಿಸುವುದಿಲ್ಲ.

ಹಿಂದೆ ಕತ್ತಲು

ಇನ್ನು ಮೋಸದ ವಿಷಯಕ್ಕೆ ಬರುತ್ತೇನೆ. ಈ ಲೇಖನ ಬರೆಯಲು ನಿಜವಾದ ಕಾರಣವೇ ಇದು.

ಹೆಚ್ಚಿನ ಕಾರುಗಳಲ್ಲಿ ಹಗಲು ದೀಪ ಉರಿಯುವುದು ಮುಂದೆ ಮಾತ್ರ. ಹಿಂದಿನ ಕೆಂಪು ದೀಪ ಉರಿಯುವುದಿಲ್ಲ. ನಿಯಮ ಅದನ್ನು ಕೇಳುವುದೂ ಇಲ್ಲ, ಏಕೆಂದರೆ ಒಳ್ಳೆಯ ಹಗಲಿಗೆಂದು ಮಾಡಿದ ದೀಪ ಅದು. ಆದರೆ ಮಳೆ ಜೋರಾದಾಗ, ಮಂಜು ಮುಸುಕಿದಾಗ, ಮಗ್ರಿಬ್ ಹತ್ತಿರವಾದಾಗ ಏನಾಗುತ್ತದೆ? ಚಾಲಕನಿಗೆ ಮುಂದೆ ಬೆಳಕು ಕಾಣುತ್ತದೆ. ಹೊಸ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಮೀಟರುಗಳು ಹಗಲೂ ಹೊಳೆಯುತ್ತವೆ. ಮೊದಲಾದರೆ ಮೀಟರು ಕಾಣದಿದ್ದಾಗ "ಓ, ಲೈಟ್ ಹಾಕಬೇಕು" ಎಂದು ನೆನಪಾಗುತ್ತಿತ್ತು. ಈಗ ಎಲ್ಲವೂ ಹೊಳೆಯುವುದರಿಂದ ಲೈಟ್ ಹಾಕಿಯೇ ಇದೆ ಎಂಬ ಭ್ರಮೆ. ಕಾರಿನ ಮುಖ ದೀಪಾಲಂಕಾರ, ಬೆನ್ನು ಕಾರ್ಗತ್ತಲು. ಹಿಂದಿನಿಂದ ಬರುವ ಬಸ್ಸಿನವನಿಗೆ, ಸ್ಕೂಟರಿನ ಹುಡುಗಿಗೆ ಆ ಕಾರು ಇರುವುದೇ ಗೊತ್ತಾಗುವುದಿಲ್ಲ.

ಇದು ನಮ್ಮ ಊರಿನ ಕಲ್ಪನೆಯಲ್ಲ. ಹಗಲು ದೀಪವನ್ನು ಮೊದಲೇ ಕಡ್ಡಾಯ ಮಾಡಿದ ಕೆನಡಾದಲ್ಲಿ ರಾತ್ರಿ ಹೊತ್ತು ಹೀಗೆ ಹಿಂಬದಿ ದೀಪವಿಲ್ಲದೆ ಓಡುವ ಕಾರುಗಳಿಗೆ ಜನ "ಭೂತದ ಗಾಡಿ" ಎಂಬರ್ಥದ ಹೆಸರಿಟ್ಟರು. ಮೂರು ದಶಕಗಳ ಬಳಿಕ, 2021ರ ಸೆಪ್ಟೆಂಬರಿನಿಂದ, ಆ ದೇಶ ನಿಯಮ ತಿದ್ದಿತು. ಹೊಸ ಗಾಡಿಗಳಲ್ಲಿ ಹಗಲು ದೀಪದ ಜೊತೆಗೇ ಹಿಂದಿನ ದೀಪವೂ ಉರಿಯಬೇಕು, ಇಲ್ಲವೇ ಕತ್ತಲಾದಾಗ ಎಲ್ಲ ದೀಪ ತಾವಾಗಿ ಹೊತ್ತಿಕೊಳ್ಳಬೇಕು, ಅದೂ ಇಲ್ಲವೆಂದರೆ ಚಾಲಕನಿಗೆ ನೆನಪಾಗುವಂತೆ ಡ್ಯಾಶ್‌ಬೋರ್ಡ್ ಕತ್ತಲಾಗಿಯೇ ಇರಬೇಕು. ನಮ್ಮ ಸ್ಥಿತಿಗೆ ಇದಕ್ಕಿಂತ ಸರಿಹೊಂದುವ ನಿಯಮ ಇನ್ನೊಂದಿಲ್ಲ.

"ನಮ್ಮ ಕಾರಿನಲ್ಲಿ ಆಟೋಮ್ಯಾಟಿಕ್ ಇದೆ, ಕತ್ತಲಾದರೆ ತಾನೇ ಹೊತ್ತಿಕೊಳ್ಳುತ್ತದೆ" ಎನ್ನುವವರಿಗೂ ಒಂದು ಮಾತು. ಆ ಯಂತ್ರಕ್ಕೆ ಗೊತ್ತಾಗುವುದು ಕತ್ತಲೆ. ಮಳೆಯಿಂದ, ಮಂಜಿನಿಂದ ನೋಟ ಮಸುಕಾದದ್ದು ಎಲ್ಲ ಕಾರುಗಳಿಗೂ ಗೊತ್ತಾಗುವುದಿಲ್ಲ. ಮಂಜು ಬೆಳ್ಳಗಿರುತ್ತದೆ. ಸಂಪಾಜೆ ಘಾಟಿಯ ಮಂಜಿನಲ್ಲಿ ಬೆಳಕಿದೆ, ಆದರೆ ಇಪ್ಪತ್ತು ಅಡಿ ಆಚೆಗೆ ಏನೂ ಕಾಣದು. ಆಗ ಚಾಲಕನ ಕೈಯೇ ಸ್ವಿಚ್ಚಿಗೆ ಹೋಗಬೇಕು.

ನಮ್ಮವರ ಇನ್ನೊಂದು ಅಭ್ಯಾಸವೂ ಇದೆ. ಮಳೆ ಜೋರಾದರೆ ಹೆಡ್‌ಲೈಟ್ ಬಿಟ್ಟು ನಾಲ್ಕೂ ಇಂಡಿಕೇಟರುಗಳನ್ನು ಮಿನುಗಿಸಿಕೊಂಡು ಹೋಗುವುದು. ಅದು ನಿಂತ ಗಾಡಿಯ ಗುರುತು. ಓಡುವ ಗಾಡಿ ಅದನ್ನು ಹಾಕಿದರೆ ಹಿಂದಿನವರಿಗೆ ಅದು ನಿಂತಿದೆಯೋ, ಹೋಗುತ್ತಿದೆಯೋ, ಬಲಕ್ಕೆ ತಿರುಗುತ್ತದೆಯೋ ಒಂದೂ ತಿಳಿಯುವುದಿಲ್ಲ. ಡಿಮ್ ಮಾಡಿದ ಹೆಡ್‌ಲೈಟ್ ಹಾಕಿದರೆ ಹಿಂದಿನ ಕೆಂಪು ದೀಪವೂ ಜೊತೆಗೆ ಉರಿಯುತ್ತದೆ. ಮಳೆಗಾಲಕ್ಕೆ ಅಷ್ಟೇ ಬೇಕಾದದ್ದು.

ಇದೇ ಕಾರಣಕ್ಕೆ, ಡಿಆರ್‌ಎಲ್ ಇಲ್ಲದ ಕಾರಿನವರು ಚಿಂತಿಸಬೇಕಾದ್ದಿಲ್ಲ. 1977ರಲ್ಲಿ ಸ್ವೀಡನ್ನಿನ ಜನ ಬಳಸಿದ್ದೂ ಬಹುತೇಕ ಸಾಮಾನ್ಯ ಹೆಡ್‌ಲೈಟನ್ನೇ. ಡಿಆರ್‌ಎಲ್‌ಗಾಗಿಯೇ ಹೆಚ್ಚಿನ ಹಣ ಕೊಟ್ಟು ಮೇಲಿನ ಮಾದರಿ ಕೊಳ್ಳಬೇಕೇ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ, ಬೇಡ. ಆ ಹಣದಲ್ಲಿ ಒಳ್ಳೆಯ ಟಯರು, ಒಳ್ಳೆಯ ವೈಪರು ಹಾಕಿಸಿ, ಉಳಿದದ್ದರಲ್ಲಿ ಮಕ್ಕಳಿಗೆ ಹೆಲ್ಮೆಟ್ ತನ್ನಿ.

ಅಂಗಡಿಯಲ್ಲಿ ಸಿಗುವ ಅಂಟುಪಟ್ಟಿ ದೀಪಗಳ ಬಗ್ಗೆ ಹೇಳದಿದ್ದರೆ ಮಾತು ಪೂರ್ತಿಯಾಗದು. ಕೆಲವು ನೂರು ರೂಪಾಯಿಗೆ ಎಲ್‌ಇಡಿ ಪಟ್ಟಿ ಅಂಟಿಸಿ, ಕಾರಿನ ವಯರನ್ನು ಸೀಳಿ ಜೋಡಿಸಿ ಕೊಡುತ್ತಾರೆ. ಸರಿಯಾದ ಡಿಆರ್‌ಎಲ್‌ಗೆ ಇಷ್ಟೇ ಬೆಳಕು ಇರಬೇಕು, ಬಿಳಿಯೇ ಆಗಿರಬೇಕು ಎಂಬ ಅಂತಾರಾಷ್ಟ್ರೀಯ ಅಳತೆ ಇದೆ. ಈ ಪಟ್ಟಿಗಳಿಗೆ ಅಳತೆಯೂ ಇಲ್ಲ, ಬಣ್ಣದ ಅಂಕೆಯೂ ಇಲ್ಲ. ನೀಲಿ, ಕೆಂಪು, ಮಿನುಗುವುದು, ಓಡುವುದು. ಗಾಡಿಯ ಮುಂದೆ ಕೆಂಪು ದೀಪ ತೋರಿಸುವುದು ನಮ್ಮ ಮೋಟಾರು ವಾಹನ ನಿಯಮದ ಪ್ರಕಾರವೇ ತಪ್ಪು. ವಯರು ಸೀಳಿದ ಜಾಗದಲ್ಲಿ ಮಳೆನೀರು ಹೊಕ್ಕರೆ ಶಾರ್ಟ್ ಆಗುತ್ತದೆ, ಕಂಪೆನಿಯ ವಾರಂಟಿಯೂ ಕೈಬಿಟ್ಟು ಹೋಗಬಹುದು. ಇನ್ನು ಕಣ್ಣು ಕುಕ್ಕುವ ಎಲ್‌ಇಡಿ ಹೆಡ್‌ಲೈಟ್ ಹಾಕಿಸಿಕೊಂಡು ಹೈಬೀಮಿನಲ್ಲೇ ಓಡಿಸುವವರು ಬೇರೆಯೇ ಜಾತಿ. 2024ರ ಜುಲೈಯಲ್ಲಿ ಕರ್ನಾಟಕ ಪೊಲೀಸರು ಇಂಥವರ ಮೇಲೆ ರಾಜ್ಯವಿಡೀ ಕೇಸು ಹಾಕಲು ಹೊರಟಾಗ ಸಂತೋಷಪಟ್ಟವರಲ್ಲಿ ಸ್ಕೂಟರ್ ಓಡಿಸುವ ಮಹಿಳೆಯರೇ ಹೆಚ್ಚಿದ್ದಿರಬೇಕು.

ಸ್ಕೂಟರಿನ ಸಹೋದರಿಯರೂ ಒಮ್ಮೆ ನೋಡಿಕೊಳ್ಳಬೇಕಾದ ಸಂಗತಿ ಇದೆ. ನಿಮ್ಮ ಗಾಡಿಯ ಹೆಡ್‌ಲೈಟ್ ಸದಾ ಉರಿಯುವಂಥದ್ದಾದರೆ ಅದು ಹೈಬೀಮಿನಲ್ಲಿ ಸಿಕ್ಕಿಕೊಂಡಿಲ್ಲ ತಾನೇ? ಮೀಟರಿನಲ್ಲಿ ನೀಲಿ ಗುರುತು ಕಂಡರೆ ಹೈಬೀಮ್ ಎಂದೇ ಅರ್ಥ. ಎಡಗೈ ಹೆಬ್ಬೆರಳಿನಿಂದ ಇಳಿಸಿ ಬಿಡಿ.

ದೀಪವಿಲ್ಲದವರು

ಕಾರಿಗೆ ದೀಪ ಬಂತು, ಬೈಕಿಗೂ ಬಂತು. ಈ ಬೆಳಕಿನ ಸ್ಪರ್ಧೆಯಲ್ಲಿ ಹಿಂದೆ ಬೀಳುವವರು ನಡೆಯುವವರು. ಎರಡು ಹೊಳೆಯುವ ದೀಪಗಳ ಪಕ್ಕದಲ್ಲಿ ಕಪ್ಪು ಆಕೃತಿಯೊಂದು ಇನ್ನೂ ಕಪ್ಪಾಗುತ್ತದೆ. ಆಸ್ಟ್ರಿಯಾದವರ ಆತಂಕ ನಮ್ಮ ಊರಿನಲ್ಲಿ ಇನ್ನೂ ನಿಜ. ಏಕೆಂದರೆ ನಮ್ಮ ಮಹಿಳೆಯರ ಬುರ್ಖಾ ಕಪ್ಪು, ಮಳೆಗಾಲದ ಕೊಡೆ ಕಪ್ಪು, ಮಕ್ಕಳ ರೈನ್‌ಕೋಟು ಗಾಢ ನೀಲಿ, ಶಾಲಾ ಚೀಲವೂ ಅದೇ ಬಣ್ಣ. ಹಿನ್ನೆಲೆಯಲ್ಲಿ ರಬ್ಬರ್ ಮರದ ಕಪ್ಪು ಕಾಂಡ. ಚಾಲಕನಿಗೆ ಕಾಣಬೇಕಾದದ್ದು ಯಾವುದು?

ಡಿಮ್ ಹೆಡ್‌ಲೈಟಿನ ಬೆಳಕಿನಲ್ಲಿ ಕಪ್ಪು ಬಟ್ಟೆಯವರು ಕಾಣಿಸುವುದು ಸುಮಾರು ಮೂವತ್ತು ಮೀಟರ್ ಹತ್ತಿರ ಬಂದಾಗ. ಒದ್ದೆ ರಸ್ತೆಯಲ್ಲಿ 50 ಕಿಲೋಮೀಟರ್ ವೇಗದ ಕಾರು ನಿಲ್ಲಲು ಬೇಕಾದದ್ದು, ಮೇಲಿನ ಲೆಕ್ಕದಂತೆ, 45 ಮೀಟರ್. ಅದೇ ವ್ಯಕ್ತಿಯ ಮೈಮೇಲೆ ಬೆಳಕನ್ನು ಹಿಂದಕ್ಕೆ ಹೊಳೆಯಿಸುವ ಪಟ್ಟಿ ಇದ್ದರೆ ನೂರು ಮೀಟರಿಗೂ ಆಚೆಯಿಂದ ಕಾಣಿಸುತ್ತದೆ. ಫಿನ್ಲೆಂಡಿನಲ್ಲಿ ಕತ್ತಲಲ್ಲಿ ನಡೆಯುವವರು ಇಂಥ ಹೊಳಪಿನ ತುಂಡು ಧರಿಸಬೇಕೆಂದು ಸಂಚಾರ ಕಾನೂನೇ ಹೇಳುತ್ತದೆ. ಅಲ್ಲಿಯ ಅಜ್ಜಿಯಂದಿರ ಕೋಟಿನಿಂದ ಒಂದು ದಾರದಲ್ಲಿ ಅದು ತೂಗಾಡುತ್ತಿರುತ್ತದೆ. ಗಮನಿಸಿ, ಹೊಳಪಿನ ಪಟ್ಟಿ ಚೆನ್ನಾಗಿ ಹೊಳೆಯಬೇಕಾದರೆ ಅದರ ಮೇಲೆ ಹೆಡ್‌ಲೈಟ್ ಬೀಳಬೇಕು. ಡಿಆರ್‌ಎಲ್ ಮಾತ್ರ ಉರಿಸಿಕೊಂಡು ಮಬ್ಬಿನಲ್ಲಿ ಬರುವವನು ಆ ಪಟ್ಟಿಯ ಉಪಯೋಗವನ್ನೂ ಅರ್ಧ ಕಳೆದುಬಿಡುತ್ತಾನೆ.

ರಸ್ತೆ ಕೆಲಸದವರ ಹಳದಿ ಜಾಕೆಟಿನಲ್ಲಿ ನೋಡಿರುತ್ತೀರಲ್ಲ, ಬೆಳ್ಳಿ ಬಣ್ಣದ ಪಟ್ಟಿ, ಅದೇ ಇದು. ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಅಂಟಿಸುವಂಥದ್ದು ಕೊಡೆಯ ಬಟ್ಟೆಯ ಮೇಲೆ ಎರಡು ಮಳೆಗೆ ಕಿತ್ತು ಬರುತ್ತದೆ, ಆದ್ದರಿಂದ ಹೊಲಿಯುವಂಥದ್ದನ್ನೇ ಕೇಳಿ ತನ್ನಿ. ಮನೆಯ ಹೊಲಿಗೆ ಯಂತ್ರದಲ್ಲಿ ಹತ್ತು ನಿಮಿಷದ ಕೆಲಸ. ಮಕ್ಕಳ ಚೀಲದ ಹಿಂಬದಿಗೆ ಒಂದು ಅಡ್ಡಪಟ್ಟಿ, ಎರಡು ಹೆಗಲಪಟ್ಟಿಗೆ ಒಂದೊಂದು ತುಂಡು. ಬುರ್ಖಾಕ್ಕೆ ಹೊಲಿಯಲು ಮನಸ್ಸಾಗದಿದ್ದರೆ ವ್ಯಾನಿಟಿ ಬ್ಯಾಗಿನ ಪಟ್ಟಿಗೆ ಹೊಲಿಯಿರಿ, ಇಲ್ಲವೇ ಕೈಮಣಿಕಟ್ಟಿಗೆ ಸುತ್ತಿಕೊಳ್ಳುವ ಪಟ್ಟಿ ಮಾಡಿಟ್ಟುಕೊಳ್ಳಿ. ಮಳೆಗಾಲ ಶುರುವಾಗುವ ಮೊದಲು ಮದ್ರಸದಲ್ಲಿ ಒಂದು ದಿನ ಇದಕ್ಕೆಂದೇ ಇಡುವುದು ಜಮಾಅತ್ ಕಮಿಟಿಗಳಿಗೆ ದೊಡ್ಡ ಖರ್ಚಿನ ಸಂಗತಿಯಲ್ಲ. ಉಸ್ತಾದರು ಒಂದು ಮಾತು ಹೇಳಿದರೆ ಮಕ್ಕಳು ಮನೆಯಲ್ಲಿ ಹಟ ಹಿಡಿದಾದರೂ ಹೊಲಿಸಿಕೊಳ್ಳುತ್ತಾರೆ.

ನಡೆಯುವ ಬದಿಯನ್ನೂ ಬದಲಾಯಿಸಬೇಕು. ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ನಮ್ಮವರು ಅಭ್ಯಾಸಬಲದಿಂದ ಎಡಕ್ಕೇ ನಡೆಯುತ್ತಾರೆ. ಆಗ ಹತ್ತಿರದ ಗಾಡಿ ಬೆನ್ನ ಹಿಂದಿನಿಂದ ಬರುತ್ತದೆ, ಅದರ ಮುಂದೆ ಎಂಥ ದೀಪ ಉರಿದರೂ ಅವರಿಗೆ ಕಾಣದು. ಬಲಬದಿಯಲ್ಲಿ, ಗಾಡಿಗಳಿಗೆ ಮುಖ ಮಾಡಿ ನಡೆದರೆ ತಿರುವಿನಲ್ಲಿ ಮೂಡುವ ಆ ಎರಡು ಬಿಳಿ ದೀಪಗಳು ಮೊದಲು ಕಾಣುವುದು ಅವರಿಗೇ. ಚರಂಡಿಯ ಕಡೆಗೆ ಸರಿಯಲು ಒಂದೆರಡು ಸೆಕೆಂಡ್ ಸಿಗುತ್ತದೆ. ಮಗುವಿನ ಕೈ ಹಿಡಿದಿದ್ದರೆ ಅದನ್ನು ರಸ್ತೆಯ ಕಡೆಗಲ್ಲ, ಬರೆಯ ಕಡೆಗೆ ಇಟ್ಟುಕೊಳ್ಳಿ. ಕಡಿದಾದ ಬಲ ತಿರುವಿನಲ್ಲಿ ಮಾತ್ರ ಬರೆ ಎದುರಿನ ಗಾಡಿಯನ್ನು ಮರೆಮಾಡುತ್ತದೆ. ಅಲ್ಲಿಗೆ ತಲಪುವ ಮೊದಲೇ, ಎರಡೂ ಕಡೆ ಕಾಣುವ ಜಾಗದಲ್ಲಿ ರಸ್ತೆ ದಾಟಿ ಎಡಕ್ಕೆ ಹೋಗಿ, ತಿರುವು ಕಳೆದ ಮೇಲೆ ಮತ್ತೆ ಬಲಕ್ಕೆ ಬಂದರಾಯಿತು. ಕೊಡೆಯ ಅಂಚಿಗೆ ಪಟ್ಟಿ ಹೊಲಿಯುವಾಗ ಒಂದೇ ಕಡೆ ಹೊಲಿಯಬೇಡಿ, ಸುತ್ತಲೂ ನಾಲ್ಕು ತುಂಡು ಬರಲಿ. ಮಕ್ಕಳು ಕೊಡೆಯನ್ನು ತಿರುಗಿಸುತ್ತಲೇ ನಡೆಯುತ್ತಾರೆ.